ಮಗಳಿಗೆ ಹೊರರಾಜ್ಯದ ವೆಟರ್ನರಿ ಸೀಟು ಸಿಗುತ್ತದೆಯೇ?

ಹಾಲುಜ್ವರ ಬಂದು ನೆಲ ಹಿಡಿದ ಹಸುವಿಗೆ ಕ್ಯಾಲ್ಸಿಯಂ ಏರಿಸುವಾಗ ಅವಸರ ಮಾಡುವಂತಿಲ್ಲ. ಬಾಟಲಿ ಬೇಗ ಇಳಿದರೆ ಹಸುವಿನ ಹೃದಯವೇ ನಿಂತುಹೋಗಬಹುದು. ಒಂದು ಕೈಯಲ್ಲಿ ಬಾಟಲಿ ಎತ್ತಿ ಹಿಡಿದು, ಇನ್ನೊಂದು ಕೈಯನ್ನು ಅದರ ಎದೆಯ ಮೇಲಿಟ್ಟುಕೊಂಡು 15-20 ನಿಮಿಷ ಕೊಟ್ಟಿಗೆಯಲ್ಲೇ ಕೂತಿರಬೇಕು. ನನ್ನ ಕೆಲಸದಲ್ಲಿ ಮನೆಯವರ ಕಷ್ಟಸುಖ ಕಿವಿಗೆ ಬೀಳುವುದು ಹೆಚ್ಚಾಗಿ ಆ ಹೊತ್ತಿನಲ್ಲೇ.

ಕಳೆದ ಜೂನ್‌ನಲ್ಲಿ ಮುಳಬಾಗಿಲು ಕಡೆಯ ಒಂದು ಹಳ್ಳಿಗೆ ಹೀಗೇ ಹೋಗಿದ್ದೆ. ಹಸು ಕರು ಹಾಕಿ ಎರಡನೇ ದಿನ. ಕುತ್ತಿಗೆ ಪಕ್ಕಕ್ಕೆ ತಿರುಗಿಸಿಕೊಂಡು ಮಲಗಿತ್ತು, ಕಿವಿ ತಣ್ಣಗಿದ್ದವು. ಮನೆಯಾಕೆ ನಮ್ಮ ಮಹಿಳಾ ಸಂಘದ ಹಳೆಯ ಸದಸ್ಯೆ. ಎರಡು ಹಸು, ಒಂದು ಕಡಸು. ಬಾಟಲಿ ಅರ್ಧ ಇಳಿಯುವಾಗ ಮೆಲ್ಲಗೆ ಕೇಳಿದರು:

"ಮೇಡಂ, ನಮ್ ಹುಡುಗಿ ನಿಮ್ ಹಂಗೆ ದನದ ಡಾಕ್ಟ್ರು ಆಗ್ಬೇಕಂತಾಳೆ. ಸಿಇಟಿ ಬರ್ದವ್ಳೆ, ರ‍್ಯಾಂಕು ಅಷ್ಟೇನೂ ಬಂದಿಲ್ಲ. ಒಬ್ರು ಬಂದು ಹೇಳವ್ರೆ, ಇಲ್ಲಿ ಸಿಗ್ದಿದ್ರೇನು, ಪಕ್ಕದ ರಾಜ್ಯದಾಗೆ ಸರ್ಕಾರಿ ಕಾಲೇಜಲ್ಲೇ ಸೀಟು ಕೊಡಿಸ್ತೀನಿ ಅಂತ. ಮುಂಗಡ ಮೂರು ಲಕ್ಷ. ಈ ಹಸ ಎದ್ರೆ ಇದ್ನೂ ಕಡಸ್ನೂ ಮಾರಿ, ಮಿಕ್ಕಿದ್ದು ಸಾಲ ಮಾಡಾಣ ಅಂತಿದ್ವಿ."

ನಾನು ಒಂದೇ ಮಾತು ಕೇಳಿದೆ. "ಅವಳು ನೀಟ್ ಬರೆದಿದ್ದಾಳಾ ಅಕ್ಕ?"

"ಇಲ್ಲ ಮೇಡಂ. ಅದು ಮನುಷ್ಯರ ಡಾಕ್ಟ್ರಿಗಲ್ವಾ?"

ನೀಟ್ ಬರೆಯದ ಹುಡುಗಿಗೆ ಹೊರರಾಜ್ಯದ ಸರ್ಕಾರಿ ಪಶುವೈದ್ಯ ಕಾಲೇಜಿನಲ್ಲಿ ಸೀಟು ಕೊಡಿಸಲು ಯಾರಿಂದಲೂ ಆಗುವುದಿಲ್ಲ. ಮೂರು ಲಕ್ಷಕ್ಕೂ ಆಗುವುದಿಲ್ಲ, ಮೂವತ್ತು ಲಕ್ಷಕ್ಕೂ ಆಗುವುದಿಲ್ಲ. ಆ ಮನುಷ್ಯ ಇಲ್ಲದ ಸೀಟನ್ನು ಮಾರಲು ಬಂದಿದ್ದ. ಆ ಮನೆಯಿಂದ ಹೊರಟ ಮೇಲೆ, ಇದೇ ಪ್ರಶ್ನೆ ಇನ್ನೆಷ್ಟು ಕೊಟ್ಟಿಗೆಗಳಲ್ಲಿ ಇರಬಹುದು ಅನ್ನಿಸಿತು. ಹಾಗಾಗಿ ಈ ಸಲ ಕೆಚ್ಚಲು ಬಾವು, ಖನಿಜ ಮಿಶ್ರಣ ಬಿಟ್ಟು ಇದನ್ನೇ ಬರೆಯುತ್ತಿದ್ದೇನೆ.

ಮೊದಲು ಬಾಗಿಲುಗಳ ಲೆಕ್ಕ. ಪಶುವೈದ್ಯ ಪದವಿಗೆ ಬಿ.ವಿ.ಎಸ್ಸಿ ಅಂಡ್ ಎ.ಎಚ್. ಎಂದು ಹೆಸರು. ಒಟ್ಟು 5 ವರ್ಷ 6 ತಿಂಗಳು. ಅದರಲ್ಲಿ ಕೊನೆಯ 1 ವರ್ಷ ಆಸ್ಪತ್ರೆ, ಫಾರಂಗಳಲ್ಲಿ ಇಂಟರ್ನ್‌ಶಿಪ್. ನಮ್ಮ ರಾಜ್ಯದಲ್ಲಿ ಈ ಕಾಲೇಜುಗಳು ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ: ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ ಮುಂತಾದ ಕಡೆ. ದೇಶದ ಯಾವುದೇ ರಾಜ್ಯದ ಇಂಥ ಸರ್ಕಾರಿ ಕಾಲೇಜನ್ನು ತೆಗೆದುಕೊಳ್ಳಿ, ಅದರ 100 ಸೀಟಿನಲ್ಲಿ 85 ಆ ರಾಜ್ಯದ ಮಕ್ಕಳಿಗೆ. ಉಳಿದ 15 ಇಡೀ ದೇಶಕ್ಕೆ. ಈ 15ನ್ನು ತುಂಬುವುದು ಆ ರಾಜ್ಯವಲ್ಲ, ದೆಹಲಿಯ ಭಾರತೀಯ ಪಶುವೈದ್ಯಕೀಯ ಪರಿಷತ್ತು. ಎಲ್ಲರೂ ವಿಸಿಐ ಅನ್ನುತ್ತಾರೆ. ಅದು ನೋಡುವುದು ನೀಟ್ ರ‍್ಯಾಂಕನ್ನು.

ನಮ್ಮ ರಾಜ್ಯದ 85ಕ್ಕೆ ಸಿಇಟಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪಶುವೈದ್ಯಕೀಯಕ್ಕೆ ಬೇರೆಯೇ ರ‍್ಯಾಂಕ್ ಕೊಡುತ್ತದೆ. ಹಾಗಾಗಿ ಸಿಇಟಿ ಮಾತ್ರ ಬರೆದವಳಿಗೆ ಮನೆಯ ಬಾಗಿಲು ಮಾತ್ರ, ನೀಟ್ ಮಾತ್ರ ಬರೆದವಳಿಗೆ ಹೊರಗಿನ ಬಾಗಿಲು ಮಾತ್ರ. ಎರಡನ್ನೂ ಬರೆದವಳಿಗೆ ಎರಡೂ. ಇಷ್ಟು ಸಣ್ಣ ವಿಷಯ ಗೊತ್ತಿಲ್ಲದೆ ಪ್ರತಿ ವರ್ಷ ಹಳ್ಳಿಯ ಹುಡುಗಿಯರು ಒಂದು ಬಾಗಿಲನ್ನು ತಾವೇ ಮುಚ್ಚಿಕೊಳ್ಳುತ್ತಾರೆ. ನೀಟ್ ಎಂಬಿಬಿಎಸ್‌ಗೆ ಮಾತ್ರ ಎಂದು ಉಪನ್ಯಾಸಕರೇ ಹೇಳಿಬಿಟ್ಟದ್ದನ್ನೂ ಕೇಳಿದ್ದೇನೆ. ಅಂದಹಾಗೆ, ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಅರ್ಜಿ ಹಾಕುವಾಗಲೇ ಭಾಷೆ ಆರಿಸಿಕೊಳ್ಳಬೇಕು.

ಈ ಹದಿನೈದು ಎಲ್ಲಿಂದ ಬಂತು ಎಂದು ಕೆಲವರು ಕೇಳುತ್ತಾರೆ. ಹಿಂದೆ ರಾಜ್ಯಗಳು ವೈದ್ಯಕೀಯ ಸೀಟುಗಳನ್ನು ಪೂರ್ತಿ ತಮ್ಮವರಿಗೇ ಇಟ್ಟುಕೊಳ್ಳುವ ಪರಿಪಾಠವಿತ್ತು. 1984ರಲ್ಲಿ ಪ್ರದೀಪ್ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಊರು ನೋಡಿ ಎಲ್ಲ ಸೀಟನ್ನೂ ಕಟ್ಟಿಹಾಕುವುದು ತಪ್ಪು, ಒಂದು ಪಾಲು ದೇಶದ ಎಲ್ಲರಿಗೂ ತೆರೆದಿರಬೇಕು ಎಂದಿತು. ಮುಂದೆ ಎಂಬಿಬಿಎಸ್‌ಗೆ ಆ ಪಾಲು 100ಕ್ಕೆ 15 ಎಂದು ನಿಂತಿತು. ಪಶುವೈದ್ಯಕೀಯದಲ್ಲಿ ಇರುವುದೂ ಅದೇ ಪ್ರಮಾಣ. ರಾಜ್ಯ ತನ್ನ ತೆರಿಗೆ ಹಣದಲ್ಲಿ ಕಟ್ಟಿದ ಕಾಲೇಜು, ತನ್ನ ಮಕ್ಕಳಿಗೆ ಮೊದಲು ಅನ್ನುವುದರಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ. ನಮ್ಮ ಸಂಘದ ಬೋನಸ್ಸು ಸದಸ್ಯರಿಗೇ ತಾನೆ? ಅಮೆರಿಕದಲ್ಲೂ ಹೀಗೇ. ನಾರ್ತ್ ಕೆರೊಲಿನಾ ರಾಜ್ಯ 1980ರ ದಶಕದಲ್ಲೇ ತನ್ನ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಸೇರುವ ಹೊಸ ವಿದ್ಯಾರ್ಥಿಗಳಲ್ಲಿ ಹೊರರಾಜ್ಯದವರು 100ಕ್ಕೆ 18 ಮೀರಬಾರದು ಎಂದು ಮಿತಿ ಹಾಕಿತು. ಅಲ್ಲಿ ಹೊರಗಿನಿಂದ ಬಂದವರು ಫೀಸನ್ನೂ ಎಷ್ಟೋ ಪಟ್ಟು ಹೆಚ್ಚು ಕಟ್ಟಬೇಕು.

ಈಗ ನಿಜವಾದ ಪ್ರಶ್ನೆಗೆ ಬರೋಣ. ಆ ಹದಿನೈದರಲ್ಲಿ ನಿಮ್ಮ ಮಗಳಿಗೆ ಎಷ್ಟು ಅವಕಾಶ?

ಒಂದು ಕಾಲೇಜಿನಲ್ಲಿ 80 ಸೀಟು ಇವೆ ಅಂದುಕೊಳ್ಳಿ. ಹೊರಗಿನವರಿಗೆ 12. ಅದರಲ್ಲಿ ಮೀಸಲು ಸೀಟು ತೆಗೆದರೆ ಸಾಮಾನ್ಯ ವರ್ಗಕ್ಕೆ ಉಳಿಯುವುದು ಕೈಬೆರಳಲ್ಲಿ ಎಣಿಸುವಷ್ಟು. ನೀಟ್ ಬರೆಯುವವರು 20 ಲಕ್ಷಕ್ಕೂ ಹೆಚ್ಚು. ಇಷ್ಟು ಕೇಳಿದರೆ ಯಾರಿಗಾದರೂ ಎದೆ ಕುಸಿಯುತ್ತದೆ. ಆದರೆ ಲೆಕ್ಕ ಅಲ್ಲಿಗೇ ನಿಲ್ಲುವುದಿಲ್ಲ. ಆ 20 ಲಕ್ಷದಲ್ಲಿ ಮುಂದಿನ ಸಾಲಿನವರೆಲ್ಲ ಎಂಬಿಬಿಎಸ್ ಕಡೆಗೆ ಹೋಗುತ್ತಾರೆ. ಆಮೇಲೆ ದಂತವೈದ್ಯಕೀಯ, ಆಯುರ್ವೇದ ಎಂದು ಇನ್ನಷ್ಟು ಜನ ಚದುರುತ್ತಾರೆ. ವೆಟರ್ನರಿ ಸೀಟು ಹಿಡಿದವರಲ್ಲೂ ಕೆಲವರು ಎಂಬಿಬಿಎಸ್ ಸಿಕ್ಕಿದ ಕೂಡಲೇ ಬಿಟ್ಟು ಹೋಗುತ್ತಾರೆ. ಹಾಗಾಗಿ ಮೊದಲ ಸುತ್ತಿನಲ್ಲಿ ಸಿಗದ ಸೀಟು ಎರಡನೆಯದರಲ್ಲೋ ಮೂರನೆಯದರಲ್ಲೋ ಸಿಗುವುದುಂಟು. ಮೊದಲ ಸುತ್ತು ನೋಡಿ ಕೈಚೆಲ್ಲಿ ಕೂತವರು ಮೋಸ ಹೋಗುತ್ತಾರೆ. ಮತ್ತೆ, 12 ಸೀಟು ಒಂದು ಕಾಲೇಜಿನ ಮಾತು. ದೇಶದ ಎಲ್ಲ ಮಾನ್ಯ ಸರ್ಕಾರಿ ಕಾಲೇಜುಗಳ ಹದಿನೈದಿಷ್ಟು ಪಾಲು ಒಂದೇ ಪಟ್ಟಿಯಲ್ಲಿ ಬರುತ್ತದೆ. ತಿರುಪತಿ ಮಾತ್ರ ಬೇಕು ಅನ್ನುವವಳ ಅವಕಾಶ ಬೇರೆ, ಎಲ್ಲಿ ಸಿಕ್ಕರೂ ಹೋಗುತ್ತೇನೆ ಅನ್ನುವವಳ ಅವಕಾಶ ಬೇರೆ. ಹಿಂದಿನ ವರ್ಷ ಯಾವ ಕಾಲೇಜಿಗೆ, ಯಾವ ವರ್ಗಕ್ಕೆ, ಕೊನೆಯ ಸೀಟು ಎಷ್ಟನೇ ರ‍್ಯಾಂಕಿಗೆ ಹೋಯಿತು ಎಂಬುದು ವಿಸಿಐ ಹಾಕುವ ಹಂಚಿಕೆ ಪಟ್ಟಿಯಲ್ಲೇ ಸಿಗುತ್ತದೆ. ಮಗಳನ್ನು ಕೂರಿಸಿಕೊಂಡು ಅದನ್ನು ನೋಡಿ. ಊಹೆಗಿಂತ ಅದು ಮೇಲು.

ಇಲ್ಲಿ ಇನ್ನೊಂದು ಎಡವಟ್ಟು ಆಗುತ್ತದೆ. ನೀಟ್ ಬರೆದ ಮಾತ್ರಕ್ಕೆ ಈ ಸೀಟಿನ ಸಾಲಿನಲ್ಲಿ ನಿಂತಂತಾಗುವುದಿಲ್ಲ. ಎಂಬಿಬಿಎಸ್ ಕೌನ್ಸೆಲಿಂಗ್ ಬೇರೆ, ಇದು ಬೇರೆ. ಫಲಿತಾಂಶ ಬಂದ ಮೇಲೆ ವಿಸಿಐ ತನ್ನದೇ ಪ್ರಕಟಣೆ ಹೊರಡಿಸುತ್ತದೆ. ಅದರ ಜಾಲತಾಣದಲ್ಲಿ ಮತ್ತೆ ನೋಂದಣಿ ಮಾಡಿ, ಶುಲ್ಕ ಕಟ್ಟಿ, ಕಾಲೇಜುಗಳ ಆದ್ಯತೆ ಕೊಡಬೇಕು. ಒಳ್ಳೆ ರ‍್ಯಾಂಕ್ ಇಟ್ಟುಕೊಂಡು "ಕರೆ ಬರುತ್ತೆ" ಎಂದು ಮನೆಯಲ್ಲಿ ಕಾದು ಕೂತ ಹುಡುಗಿಯನ್ನು ನಾನು ಕಂಡಿದ್ದೇನೆ. ಕರೆ ಬರುವುದಿಲ್ಲ.

ಇನ್ನು ಗಡಿ ದಾಟದ ವಿಷಯಗಳು. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಹಾಲು ಹಾಕುವ ಮನೆಗಳ ಮಕ್ಕಳಿಗೆ ಇಲ್ಲೇ ಹೆಚ್ಚು ಲಾಭನಷ್ಟ. ನಮ್ಮ ರಾಜ್ಯದೊಳಗೆ ನಿಮ್ಮ ಮಗಳ ಕೈಯಲ್ಲಿ ಹಲವು ಚೀಟಿಗಳಿವೆ. 1ರಿಂದ 10ರವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲು. ಅಷ್ಟೂ ವರ್ಷ ಕನ್ನಡ ಮಾಧ್ಯಮವಾದರೆ ಅದಕ್ಕೂ ಮೀಸಲು. ಕಲ್ಯಾಣ ಕರ್ನಾಟಕದವಳಾದರೆ 371ಜೆ. ಪ್ರವರ್ಗ 1, 2ಎ, 3ಬಿ ಮೊದಲಾದ ವರ್ಗಗಳು. ಇವೆಲ್ಲಕ್ಕಿಂತ ನಮಗೆ ಹತ್ತಿರದ್ದು ಕೃಷಿಕರ ಕೋಟಾ. ರೈತರ ಮಕ್ಕಳಿಗೆ ಸೀಟಿನ ಒಂದು ಪಾಲು ಬೇರೆ ಇಟ್ಟಿದ್ದಾರೆ. ಅದಕ್ಕೆ ತಹಶೀಲ್ದಾರ್ ಕಚೇರಿಯ ದಾಖಲೆ ಬೇಕು, ಜೊತೆಗೆ ಮಗುವಿಗೆ ಒಕ್ಕಲುತನದ ಅರಿವು ಇದೆಯೇ ಎಂದು ನೋಡುವ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಬೆಳಗ್ಗೆ ಎದ್ದು ಸಗಣಿ ಬಾಚಿ, ಹುಲ್ಲು ಕೊಯ್ದು ಕಾಲೇಜಿಗೆ ಹೋಗುವ ಹುಡುಗಿಗೆ ನಗರದವರಿಗಿಂತ ಮೇಲುಗೈ ಸಿಗುವ ಒಂದೇ ಪರೀಕ್ಷೆ ಬಹುಶಃ ಇದು. ಅರ್ಜಿಯಲ್ಲಿ ಆ ಕಲಂ ತುಂಬದೆ ಬಿಟ್ಟವರ ಲೆಕ್ಕ ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಈ ಯಾವ ಚೀಟಿಯೂ ಹೊರರಾಜ್ಯದ ಬಾಗಿಲಲ್ಲಿ ನಡೆಯುವುದಿಲ್ಲ. ಗ್ರಾಮೀಣ ಇಲ್ಲ, ಕನ್ನಡ ಮಾಧ್ಯಮ ಇಲ್ಲ, ಕೃಷಿಕರ ಕೋಟಾ ಇಲ್ಲ, 2ಎ ಇಲ್ಲ. ಅಲ್ಲಿ ಕೇಂದ್ರದ ಪಟ್ಟಿ, ಕೇಂದ್ರದ ನಮೂನೆಯ ಜಾತಿ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಅದನ್ನು ಬೇರೆಯಾಗಿ ಕೇಳಿ ಮಾಡಿಸಬೇಕು. ಹಾಗಾಗಿ ಒಂದೇ ಹುಡುಗಿ ಮನೆಯ ಬಾಗಿಲಲ್ಲಿ ಮುಂದಿನ ಸಾಲಿನಲ್ಲೂ ಹೊರಗಿನ ಬಾಗಿಲಲ್ಲಿ ಬಹಳ ಹಿಂದೆಯೂ ನಿಂತಿರಬಹುದು. ಇಲ್ಲಿ ಸಿಗದಿದ್ದರೆ ಅಲ್ಲಿ ಸುಲಭವಾಗಿ ಸಿಗುತ್ತದೆ ಎಂಬ ಮಾತು ಹಳ್ಳಿಯ ಮಕ್ಕಳ ಮಟ್ಟಿಗೆ ತಿರುಗುಮುರುಗು.

ಗಡಿಯ ತಾಲ್ಲೂಕುಗಳಲ್ಲಿ ಇದು ವಿಚಿತ್ರವಾಗಿ ಕಾಣುತ್ತದೆ. ಮುಳಬಾಗಿಲಿನವರಿಗೆ ಶಿವಮೊಗ್ಗ, ಬೀದರ್‌ಗಿಂತ ತಿರುಪತಿ ಎಷ್ಟೋ ಹತ್ತಿರ. ಗುಂಡ್ಲುಪೇಟೆಯವರಿಗೆ ವಯನಾಡಿನ ಪೂಕೋಡ್ ಕಾಲೇಜು ಹತ್ತಿರ. ಔರಾದ್ ಕಡೆಯವರು ಉದಗೀರ್ ಸಂತೆಗೆ ದನ ಹೊಡೆದುಕೊಂಡು ಹೋಗುತ್ತಾರೆ, ಅಲ್ಲಿ ಮಹಾರಾಷ್ಟ್ರದ ಪಶುವೈದ್ಯ ಕಾಲೇಜಿದೆ. ದನಕ್ಕೆ ಇಲ್ಲದ ಗಡಿ ಸೀಟಿಗೆ ಇದೆ. ನಾವು ಸಂತೆಗೆ ಹೋಗುವ ಊರು, ಹೆಣ್ಣು ಕೊಟ್ಟು ತಂದ ಊರು ಆದರೂ, ಅಲ್ಲಿನ 85ರಲ್ಲಿ ನಮಗೆ ಜಾಗವಿಲ್ಲ. ಚೆನ್ನೈ, ನಾಮಕ್ಕಲ್ ಕಾಲೇಜುಗಳ 85ನ್ನು ತಮಿಳುನಾಡು ಪ್ಲಸ್ ಟು ಅಂಕದ ಮೇಲೆಯೇ ತುಂಬುತ್ತದೆ. ನಮ್ಮ ಪಿಯುಸಿಯಲ್ಲಿ 600ಕ್ಕೆ 590 ಬಂದಿದ್ದರೂ ಅಲ್ಲಿ ಲೆಕ್ಕಕ್ಕಿಲ್ಲ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಅಪಾಯ ಇದೆ, ಅದು ತವರಿನ ಪ್ರೀತಿಯಿಂದ ಬರುತ್ತದೆ. ಮಗುವನ್ನು ಅಜ್ಜಿ ಮನೆಯಲ್ಲಿ ಬಿಟ್ಟು ಓದಿಸುವುದು ನಮ್ಮಲ್ಲಿ ಉಂಟಷ್ಟೆ. ತವರು ಪಲಮನೇರಿನಲ್ಲೋ ಹೊಸೂರಿನಲ್ಲೋ ಇದ್ದರೆ ಮಗು ಅಲ್ಲಿನ ಶಾಲೆಗೆ ಹೋಗುತ್ತದೆ. ಸಿಇಟಿ ಮೂಲಕ ಸೀಟು ಕೇಳುವವರು ಸಾಮಾನ್ಯವಾಗಿ 1ನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಹತ್ತನೆಯದೋ ದ್ವಿತೀಯ ಪಿಯುಸಿಯೋ ಇಲ್ಲೇ ಪಾಸಾಗಿರಬೇಕು. ಇದಕ್ಕೆ ಕೆಲವು ವಿನಾಯಿತಿಗಳಿವೆ. ಹೊರನಾಡು, ಗಡಿನಾಡು ಕನ್ನಡಿಗರಿಗೆ ಬೇರೆ ಕಲಂಗಳಿವೆ, ಅವಕ್ಕೆ ಬೇರೆ ದಾಖಲೆ, ಕೆಲವಕ್ಕೆ ಕನ್ನಡ ಪರೀಕ್ಷೆ. ಆದರೆ ಗೊತ್ತಿಲ್ಲದೆ 6 ವರ್ಷ ಮಾತ್ರ ಇಲ್ಲಿ ಓದಿಸಿ, ಕೊನೆಗೆ ತನ್ನ ರಾಜ್ಯದಲ್ಲೇ ಹೊರಗಿನವಳಾದ ಮಗು ಇದ್ದರೆ, ಆ ತಾಯಿಗೆ ಏನು ಹೇಳುವುದು? ಮಗಳಿನ್ನೂ 8ನೇ ತರಗತಿಯಲ್ಲಿದ್ದರೆ ಇಂದೇ ವರ್ಷ ಎಣಿಸಿ.

ನಾನೂ ಆ ಹೊರಗಿನ ಬಾಗಿಲಿನಿಂದ ಒಳಗೆ ಹೋದವಳೇ. ಆಗ ನೀಟ್ ಇರಲಿಲ್ಲ, ಈ ಸೀಟುಗಳಿಗೆ ವಿಸಿಐ ತಾನೇ ಒಂದು ಪರೀಕ್ಷೆ ನಡೆಸುತ್ತಿತ್ತು. ನನಗೆ ಸಿಕ್ಕಿದ್ದು ನಾಮಕ್ಕಲ್. ಕೋಳಿ ಮೊಟ್ಟೆಗೆ ಹೆಸರಾದ ಊರು. ನಮ್ಮಪ್ಪ ಬಸ್ಸಿಳಿದು ನೋಡಿದ್ದು ಮೊಟ್ಟೆ ಲಾರಿಗಳ ಸಾಲನ್ನೇ. ಪಾಠ ಇಂಗ್ಲಿಷಿನಲ್ಲಿ, ಅದು ಹೇಗೋ ನಡೆಯಿತು. ಕಷ್ಟವಾದದ್ದು ಆಸ್ಪತ್ರೆಗೆ ದನ ಹಿಡಿದುಕೊಂಡು ಬರುವ ಹೆಂಗಸರ ಮಾತು. ಒಬ್ಬ ಅಜ್ಜಿ ಬಂದು "ಮಡಿ ನೋಯ್" ಅಂದರು. ಮಡಿಗೂ ದನಕ್ಕೂ ಏನು ಸಂಬಂಧ ಎಂದು ನಾನು ಕಣ್ಣು ಕಣ್ಣು ಬಿಟ್ಟೆ. ತಮಿಳಿನಲ್ಲಿ ಮಡಿ ಎಂದರೆ ಕೆಚ್ಚಲು! ಗಬ್ಬಕ್ಕೆ "ಸಿನೈ", ಕರುವಿಗೆ "ಕನ್ರು". ಒಂದು ವರ್ಷ ಹಿಡಿಯಿತು ಕಿವಿ ಪಳಗಲು. ಆ ಒಂದು ವರ್ಷದಲ್ಲಿ ವಾಪಸ್ ಬರುತ್ತೇನೆಂದು ಅಮ್ಮನಿಗೆ ಎಷ್ಟು ಸಲ ಫೋನ್ ಮಾಡಿದ್ದೆನೋ. ಅಮ್ಮ "ಈ ಬಟವಾಡೆ ಮುಗೀಲಿ, ಬಂದು ಕರ್ಕೊಂಡು ಹೋಗ್ತೀನಿ" ಅನ್ನುತ್ತಿದ್ದರು. ಪ್ರತಿ ಬಟವಾಡೆಗೂ ಅದೇ ಮಾತು. ಕೊನೆಗೂ ಬರಲಿಲ್ಲ, ದುಡ್ಡು ಮಾತ್ರ ಬಂತು.

ಸೀಟಿನ ಅವಕಾಶ ಲೆಕ್ಕ ಹಾಕುವಾಗ ಇದನ್ನೂ ಲೆಕ್ಕಕ್ಕೆ ಸೇರಿಸಿ. ಮಗಳು ಐದೂವರೆ ವರ್ಷ ದೂರದ ಹಾಸ್ಟೆಲಿನಲ್ಲಿ, ಬೇರೆ ಅನ್ನ, ಬೇರೆ ಮಾತು. ಹಾಸ್ಟೆಲು, ಮೆಸ್ಸು, ವರ್ಷಕ್ಕೆರಡು ಸಲ ರೈಲು. ಅವಳಿಗೆ ಆ ಮನಸ್ಸಿದೆಯೇ ಎಂದು ಅವಳನ್ನೇ ಕೇಳಿ. ಮಾವನನ್ನೋ ಪಕ್ಕದ ಮನೆಯವರನ್ನೋ ಅಲ್ಲ. ಪದವಿಯ ಬೆಲೆ ಕಡಿಮೆಯಾಗುತ್ತದೆ ಎಂಬ ಭಯ ಬೇಡ. ಮಾನ್ಯ ಕಾಲೇಜಿನ ಪದವಿ ಯಾವ ರಾಜ್ಯದ್ದಾದರೂ ಪಶುವೈದ್ಯರಾಗಿ ನೋಂದಾಯಿಸಿಕೊಳ್ಳಲು ನಡೆಯುತ್ತದೆ. ನನ್ನದೂ ನಡೆಯಿತು.

"ಮಾನ್ಯ" ಅನ್ನುವ ಮಾತನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಳ್ಳಿ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ ಅನುಸೂಚಿಗಳಲ್ಲಿ ಇಲ್ಲದ ಪದವಿ ಹಿಡಿದು ನಮ್ಮ ದೇಶದಲ್ಲಿ ಪಶುವೈದ್ಯರಾಗಿ ನೋಂದಣಿ ಮಾಡಿಸಲಾಗದು. ಏಜೆಂಟರು ಇಲ್ಲೇ ಆಟವಾಡುವುದು. ಸರ್ಕಾರಿ ಕಾಲೇಜು ಎಂದು ಮಾತು ಶುರು ಮಾಡಿ, ದುಡ್ಡು ಕೈ ಸೇರಿದ ಮೇಲೆ ಎಲ್ಲೋ ದೂರದ ಖಾಸಗಿ ಸಂಸ್ಥೆಗೆ ತಿರುಗಿಸುತ್ತಾರೆ. ಇಲ್ಲವೇ ಪಶುಸಂಗೋಪನೆಯ ಡಿಪ್ಲೊಮಾವನ್ನು "ಅದೂ ಡಾಕ್ಟ್ರೇ" ಎಂದು ಮಾರುತ್ತಾರೆ. ಡಿಪ್ಲೊಮಾ ಒಳ್ಳೆಯ ಓದೇ, ಆದರೆ ಅದರಿಂದ ಪಶುವೈದ್ಯೆ ಆಗುವುದಿಲ್ಲ. ಸರ್ಕಾರಿ ಸೀಟು ಹಂಚುವುದು ವಿಸಿಐ ಇಲ್ಲವೇ ಆಯಾ ರಾಜ್ಯದ ಪ್ರಾಧಿಕಾರ. ಎರಡಕ್ಕೂ ನಡುವೆ ಯಾರೂ ಇಲ್ಲ. ಮುಂಗಡ ಕೇಳಿದವನಿಗೆ "ನನ್ನ ಮಗಳ ನೀಟ್ ರ‍್ಯಾಂಕ್ ಎಷ್ಟು, ಹೇಳಿ" ಎಂದು ಒಮ್ಮೆ ಕೇಳಿ ನೋಡಿ.

ಪಶುವೈದ್ಯಕೀಯವೇ ಆಗಬೇಕೆಂಬ ಹಟ ಇಲ್ಲದಿದ್ದರೆ ಹೊರರಾಜ್ಯಕ್ಕೆ ಇನ್ನೊಂದು ದಾರಿ ಇದೆ. ಡೇರಿ ತಂತ್ರಜ್ಞಾನದ ಬಿ.ಟೆಕ್., ಕೃಷಿ ಬಿ.ಎಸ್ಸಿ. ಇವಕ್ಕೆ ಹೊರಗಿನವರ ಪಾಲು ತುಂಬುವುದು ವಿಸಿಐ ಅಲ್ಲ, ಐಸಿಎಆರ್. ಅದಕ್ಕೆ ಬರೆಯಬೇಕಾದ್ದು ಸಿಯುಇಟಿ. ರಾಜ್ಯಗಳ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಆ ಪಾಲು 100ಕ್ಕೆ 20. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯಲ್ಲಂತೂ ಎಲ್ಲ ಸೀಟೂ ರಾಷ್ಟ್ರಮಟ್ಟದ ರ‍್ಯಾಂಕ್ ಮೇಲೆಯೇ, ಅಲ್ಲಿ ಒಳಗಿನವರು ಹೊರಗಿನವರು ಎಂಬ ಭೇದವೇ ಇಲ್ಲ. ಆ ಸಂಸ್ಥೆ 1923ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ ಎಂಬುದು ಬಹಳ ಜನಕ್ಕೆ ತಿಳಿಯದು. 1955ರಲ್ಲಿ ಕೇಂದ್ರ ಕಚೇರಿ ಕರ್ನಾಲ್‌ಗೆ ಹೋಯಿತು, ಬೆಂಗಳೂರಿನ ಶಾಖೆ ಈಗಲೂ ಇದೆ. ಕೋಳಿಕ್ಕೋಡಿನಲ್ಲಿ ಹುಟ್ಟಿದ ವರ್ಗೀಸ್ ಕುರಿಯನ್ ಡೇರಿ ತರಬೇತಿಗೆ ಬಂದದ್ದು ಅದೇ ಬೆಂಗಳೂರಿನ ಸಂಸ್ಥೆಗೆ. ಅಲ್ಲಿಂದ ಸರ್ಕಾರಿ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ 1948ರಲ್ಲಿ ಮರಳಿದರು. ಆಮೇಲೆ ಆನಂದ್. ನಾವು ದಿನಾ ಎರಡು ಹೊತ್ತು ಹಾಲು ಅಳೆಯುವ ಸಂಘದ ಮಾದರಿ ಬಂದದ್ದು ಆ ಆನಂದ್‌ನಿಂದಲೇ.

ಆ ಮುಳಬಾಗಿಲಿನ ಹಸು ಅವತ್ತು ಬಾಟಲಿ ಮುಗಿದು ಸ್ವಲ್ಪ ಹೊತ್ತಿಗೆ ತೇಗಿತು, ಸಗಣಿ ಹಾಕಿತು, ಮುಂಗಾಲು ಮಡಚಿ ಎದ್ದು ನಿಂತಿತು. ಈಗಲೂ ಅದೇ ಕೊಟ್ಟಿಗೆಯಲ್ಲಿದೆ, ಮಾರಿಲ್ಲ. ಹುಡುಗಿಗೆ ಆ ವರ್ಷ ವೆಟರ್ನರಿ ಸಿಗಲಿಲ್ಲ. ಕೃಷಿಕರ ಕೋಟಾದ ಕಲಂ ಖಾಲಿ ಬಿಟ್ಟಿದ್ದಳು ಎಂದು ಅರ್ಜಿಯ ಪ್ರತಿ ತೆರೆದಾಗ ಗೊತ್ತಾಯಿತು. ಇನ್ನೊಂದು ವರ್ಷ ಓದುತ್ತೇನೆ ಎಂದಳು. ಈ ಸಲ ನೀಟ್ ಅರ್ಜಿ, ಸಿಇಟಿ ಅರ್ಜಿ ಎರಡನ್ನೂ ಹಾಕಿದ್ದಾಳೆ. ಮೊನ್ನೆ ಬಟವಾಡೆ ದಿನ ಅವಳ ತಾಯಿ ಪಾಸ್‌ಪುಸ್ತಕದ ನಡುವೆ ಮಡಚಿಟ್ಟುಕೊಂಡು ಒಂದು ಕಾಗದ ತಂದು ತೋರಿಸಿದರು, ಗ್ರಾಮೀಣ ವ್ಯಾಸಂಗದ ಪ್ರಮಾಣಪತ್ರ. ಮುಖ್ಯೋಪಾಧ್ಯಾಯರ ಸಹಿ ಇತ್ತು, ಬಿಇಒ ಮೇಲುಸಹಿ ಇರಲಿಲ್ಲ. ಹಾಲಿನ ಕ್ಯಾನು ಮಗನ ಕೈಗೆ ಕೊಟ್ಟು ಹಾಗೇ ಬಸ್ಸು ಹತ್ತಿದರು.